ಪಂಚನಾಮೆಯಲ್ಲಿ ಗಂಡನಿಗೂ ಒಂದು ಪುಟವಿರಲಿ

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ತೀರಿಕೊಂಡರೆ ಶವ ಪಂಚನಾಮೆಗೆ ತಹಶೀಲ್ದಾರರೇ ಹೋಗಬೇಕು. ಬೆಳಗಾವಿ ಜಿಲ್ಲೆಯ ರಾಯಬಾಗ, ಅಥಣಿ ಕಡೆ ಆ ಹುದ್ದೆಯಲ್ಲಿದ್ದಾಗ ಇಂಥ ಎಷ್ಟೋ ಮನೆಗಳಿಗೆ ಹೋಗಿದ್ದೇನೆ. ತೊಲೆ ನೆಲದಿಂದ ಎಷ್ಟು ಅಡಿ, ಹಗ್ಗ ನೂಲಿನದೋ ನೈಲಾನಿನದೋ, ಸೀರೆಯ ಬಣ್ಣ, ಕೈಯಲ್ಲಿ ಉಳಿದ ಬಳೆ ಎಷ್ಟು, ಎಲ್ಲವನ್ನೂ ಬರೆಸುತ್ತೇವೆ. ಗಂಡನದು ಮಾತ್ರ ಹೆಸರು, ವಯಸ್ಸು, ಉದ್ಯೋಗ, ಅಲ್ಲಿಗೆ ಮುಗಿಯಿತು.

ರಾಯಬಾಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸತ್ತವಳ ತಾಯಿ ಹೇಳಿದಳು: "ದೀಪಾವಳಿ ಮುಂದ ಕುತ್ತಿಗಿ ಹಿಚಕಿದ್ನ್ರಿ ಸಾಹೇಬ್ರ, ಎರಡ ದಿನಾ ದನಿನ ಹೊಂಟಿರಲಿಲ್ಲ. ಹಿರ್ಯಾರ ಕುಂತ ಬುದ್ಧಿ ಹೇಳಿ ತಿರುಗಿ ಕಳಿಸಿದ್ರು." ಅದನ್ನು ಹೇಳಿಕೆಯಲ್ಲಿ ಬರೆಸಿದೆ. ಸುತ್ತ ನಿಂತವರು ಸಿಟ್ಟಿನ ಭರದಲ್ಲಿ ಆಗಿದ್ದು ಅಂದರು.

ಸಿಟ್ಟಿನ ಭರ ಎಂಬುದನ್ನು ನಾನು ನಂಬುವುದಿಲ್ಲ. ಬ್ರಿಟನ್ನಿನ ಅಪರಾಧಶಾಸ್ತ್ರಜ್ಞೆ ಜೇನ್ ಮಾಂಕ್ಟನ್ ಸ್ಮಿತ್ ಸಂಗಾತಿಯಿಂದಲೇ ಆದ 372 ಕೊಲೆಗಳ ಜಾಡು ಹಿಡಿದು 2019ರಲ್ಲಿ ಎಂಟು ಹಂತಗಳನ್ನು ತೋರಿಸಿದರು. ಮೊದಲನೆಯದೇ ಕೊಲೆಗಾರನ ಹಳೆಯ ಚರಿತ್ರೆ. ಆಮೇಲೆ ಹಿಡಿತ, ಅವಳು ಬಿಟ್ಟು ಹೊರಟಾಗ ಕೆರಳುವುದು, ಯೋಜನೆ, ಕೊಲೆ. ಅಮೆರಿಕದಲ್ಲಿ ನ್ಯಾನ್ಸಿ ಗ್ಲಾಸ್, ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತಿತರರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಮ್ಮೆ ಕುತ್ತಿಗೆ ಹಿಚುಕಿದವನಿಂದ ಆ ಹೆಣ್ಣು ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು.

ನಮ್ಮಲ್ಲಿ ಕೊಲೆಯೇ ಕೊಲೆಯೆಂದು ದಾಖಲಾಗುವುದು ಕಷ್ಟ. 1997ರಿಂದ 1999ರ ಜುಲೈ ನಡುವೆ ಬೆಂಗಳೂರಿನಲ್ಲಿ ಅಸಹಜವಾಗಿ ಸತ್ತ 1,133 ಹೆಣ್ಣುಮಕ್ಕಳ ಲೆಕ್ಕವನ್ನು ವಿಮೋಚನಾ ಎಂಬ ಮಹಿಳಾ ಸಂಘಟನೆ ಮುಂದಿಟ್ಟಿತ್ತು: ದಾಖಲಾಗಿದ್ದು 157 ಕೊಲೆ, 546 ಆತ್ಮಹತ್ಯೆ, 430 ಅಪಘಾತ. ಸ್ಟವ್ ಸಿಡಿಯಿತು ಎಂಬ ಷರಾ ಎಷ್ಟು ಸುಲಭ! ಮಹಾರಾಷ್ಟ್ರದ ಗಡಿಯಲ್ಲಿ ಇನ್ನೊಂದು ತೊಡಕು. ಸುಟ್ಟ ಹೆಂಗಸನ್ನು ಕಾಗವಾಡದಿಂದ ಮಿರಜಕ್ಕೆ, ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಒಯ್ಯುತ್ತಾರೆ. ಅಲ್ಲಿ ಸತ್ತರೆ ಮರಾಠಿಯ ಕಾಗದಪತ್ರ ಗಡಿ ದಾಟಿ ಬರುವಷ್ಟರಲ್ಲಿ ಅಡುಗೆಮನೆಯ ಗೋಡೆಗೆ ಸುಣ್ಣ ಬಳಿದಾಗಿರುತ್ತದೆ.

ಪಂಚನಾಮೆಗೆ ಗಂಡನ ಕುರಿತು ಒಂದು ಪುಟ ಸೇರಿಸಿ. ಚಿಕ್ಕೋಡಿ ಉಪವಿಭಾಗದಿಂದಲೇ ಶುರುವಾಗಲಿ. ಹಿಂದೆ ಕುತ್ತಿಗೆ ಹಿಚುಕಿದ್ದನೇ? ಕೊಲ್ಲುತ್ತೇನೆ ಅಂದಿದ್ದನೇ? ಅವಳು ಒಲ್ಲೆ ಅಂದಾಗಲೂ ಹಾಸಿಗೆಗೆ ಎಳೆಯುತ್ತಿದ್ದನೇ? ತವರಿಗೆ ಬಂದರೆ ಬೆನ್ನಿಗೇ ಬಂದು ಕಾಯುತ್ತಿದ್ದನೇ? ಮೊದಲ ಹೆಂಡತಿ ಇದ್ದಳೇ, ಯಾಕೆ ಬಿಟ್ಟುಹೋದಳು? ಜಿಲ್ಲಾಡಳಿತ ಈ ಉತ್ತರಗಳನ್ನು ವರ್ಷಕ್ಕೊಮ್ಮೆ ಒಟ್ಟಿಗೆ ಹರಡಿಕೊಂಡು ನೋಡಲಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ, ಠಾಣೆಯ ಪೊಲೀಸರು ಇದೇ ಪ್ರಶ್ನೆಗಳನ್ನು ಬದುಕಿರುವ ಹೆಂಗಸಿಗೆ, ಅವಳು ದೂರು ತಂದ ದಿನವೇ ಕೇಳಬೇಕು. ಕುತ್ತಿಗೆಯ ಪ್ರಶ್ನೆಗೆ ಹೌದು ಅಂದವಳನ್ನು ಯಾವ ಹಿರಿಯರೂ, ಯಾವ ಠಾಣೆಯೂ ರಾಜಿ ಮಾಡಿಸಿ ಗಂಡನ ಮನೆಗೆ ಕಳಿಸಕೂಡದು.