ಮನೆಯಲ್ಲೇ ಆರ್ಕೇಡ್ ಪೆಟ್ಟಿಗೆ: ಪುಟ್ಟ ಕಂಪ್ಯೂಟರ್ ಕೊಳ್ಳುವ ಮುನ್ನ ತಿಳಿಯಬೇಕಾದ್ದು

ಟೇಬಲ್ ಮೇಲೆ ಇಡುವಷ್ಟು ಚಿಕ್ಕ ಪ್ಲೈವುಡ್ ಪೆಟ್ಟಿಗೆ, ಅದರೊಳಗೊಂದು ಹಳೆಯ ಮಾನಿಟರ್, ಮುಂದೆ ಜಾಯ್‌ಸ್ಟಿಕ್ ಮತ್ತು ಬಣ್ಣಬಣ್ಣದ ಬಟನ್‌ಗಳು. ವಿಡಿಯೋ ಗೇಮ್ ಪಾರ್ಲರ್‌ಗಳ ಕಾಲವನ್ನು ನೆನಪಿಸುವ ಇಂಥ ಪೆಟ್ಟಿಗೆ ಮಾಡುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಅವುಗಳ ಜೊತೆಗೇ ಕೆಲವು ಮಾತುಗಳೂ ಓಡಾಡುತ್ತವೆ: ‘ಯಾವ ಬೋರ್ಡ್ ಆದರೂ ಸಾಕು’, ‘ರ‍್ಯಾಮ್ ಹೆಚ್ಚಿದ್ದಷ್ಟೂ ಒಳ್ಳೆಯದು’, ‘ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನ್ ಹಾಕಿಬಿಡಿ’. ಇವುಗಳಲ್ಲಿ ಎಷ್ಟು ನಿಜ?

ಹಳೆಯ ಆಟಕ್ಕೆ ಎಷ್ಟು ಶಕ್ತಿ ಬೇಕು?

1980ರಲ್ಲಿ ಬಂದ ಪ್ಯಾಕ್-ಮ್ಯಾನ್ ಯಂತ್ರದಲ್ಲಿ ಇದ್ದದ್ದು ಸುಮಾರು 3 ಮೆಗಾಹರ್ಟ್ಜ್ ವೇಗದ ಒಂದು ಜೆಡ್80 ಚಿಪ್. ಇಡೀ ಆಟದ ಪ್ರೋಗ್ರಾಂ ಕೇವಲ 16 ಕಿಲೋಬೈಟ್. ಇಂದಿನ ರಾಸ್‌ಬೆರಿ ಪೈ 5ರ ವೇಗ 2.4 ಗಿಗಾಹರ್ಟ್ಜ್. ಲೆಕ್ಕದ ಪ್ರಕಾರ ನೂರಾರು ಪಟ್ಟು ಹೆಚ್ಚು. ಹಾಗಾದರೆ ಯಾವ ಬೋರ್ಡ್ ಆದರೂ ಎಲ್ಲ ಆಟಕ್ಕೂ ಸಾಕಲ್ಲವೇ?

ಸಾಲದು. ಹಳೆಯ ಆಟ ಹೊಸ ಚಿಪ್ ಮೇಲೆ ನೇರವಾಗಿ ಓಡುವುದಿಲ್ಲ. ಎಮ್ಯುಲೇಟರ್ ಎಂಬ ತಂತ್ರಾಂಶ ಹಳೆಯ ಯಂತ್ರವನ್ನು ಅನುಕರಿಸಬೇಕು. ಮೂಲ ಚಿಪ್ ಮಾಡುತ್ತಿದ್ದ ಒಂದೊಂದು ಕೆಲಸವನ್ನು ಹಲವು ಹೆಜ್ಜೆಗಳಲ್ಲಿ ಮಾಡಬೇಕು. ಜೊತೆಗೆ ಚಿತ್ರ, ಸದ್ದು, ಬಟನ್ ಎಲ್ಲವೂ ತಾಳ ತಪ್ಪದಂತೆ ನೋಡಿಕೊಳ್ಳಬೇಕು. ಆಟ ಹೊಸದಾದಷ್ಟೂ ಮೂಲ ಯಂತ್ರ ಸಂಕೀರ್ಣ, ಅನುಕರಣೆಯೂ ಭಾರ.

ಹೀಗೆ ತಾಳ ಹಿಡಿಯುವ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚುವುದು ಕಷ್ಟ. ಆದ್ದರಿಂದ ಕೋರ್‌ಗಳು ಎಷ್ಟಿವೆ ಎನ್ನುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು ಎನ್ನುವುದು ಮುಖ್ಯ. ರ‍್ಯಾಮ್ ವಿಷಯವೂ ಹಾಗೆಯೇ. ಹಳೆಯ ಆಟಗಳಿಗೆ 2 ಅಥವಾ 4 ಜಿಬಿ ಧಾರಾಳ. 8 ಜಿಬಿಯ ಬೋರ್ಡ್‌ಗೆ ಹೆಚ್ಚು ದುಡ್ಡು ಕೊಟ್ಟರೆ ಆಟವೇನೂ ಚುರುಕಾಗುವುದಿಲ್ಲ.

ಯಾವ ಆಟಕ್ಕೆ ಯಾವ ಬೋರ್ಡ್?

ಮೊದಲು ಆಟ ಆರಿಸಿ, ಆಮೇಲೆ ಬೋರ್ಡ್ ಆರಿಸಿ.

• 1980ರ ದಶಕದ ಆಟಗಳು, ಸ್ಟ್ರೀಟ್ ಫೈಟರ್ 2 (1991) ತರಹದ ಸಮತಲ ಚಿತ್ರದ ಆಟಗಳು: 512 ಎಂಬಿ ರ‍್ಯಾಮ್ ಇರುವ ಪುಟ್ಟ ಪೈ ಝೀರೋ 2 ಡಬ್ಲ್ಯೂ ಸಾಕಾಗುತ್ತದೆ. ಹಳೆಯ ಪೈ 3 ಕೈಯಲ್ಲಿದ್ದರೆ ಹೊಸದನ್ನು ಕೊಳ್ಳುವ ಅಗತ್ಯವೇ ಇಲ್ಲ.

• ಮೊದಲ ಪ್ಲೇಸ್ಟೇಷನ್ ಕಾಲದ ಆಟಗಳು: ಪೈ 4 ಆರಾಮವಾಗಿ ನಿಭಾಯಿಸುತ್ತದೆ. ಡ್ರೀಮ್‌ಕಾಸ್ಟ್‌ನಂಥ ಭಾರದ ಆಟಗಳಿಗೆ ಪೈ 5 ಮೇಲು.

• ಪ್ಲೇಸ್ಟೇಷನ್ 2 ಮತ್ತು ನಂತರದವು: ಪೈ 5ರಲ್ಲೂ ಎಲ್ಲವೂ ಸರಾಗವಾಗಿ ಓಡುವುದಿಲ್ಲ. ಇದಕ್ಕೆ ಕಚೇರಿಗಳಲ್ಲಿ ಬಳಸಿ ಮಾರುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಯನ್ನು ನೋಡಬೇಕು. ಅದರಲ್ಲೂ ಚಿಪ್ ಎಷ್ಟು ಹಳೆಯದು ಎಂದು ವಿಚಾರಿಸಿ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಬೋರ್ಡ್‌ನ ಬೆಲೆಯನ್ನಷ್ಟೇ ಹೋಲಿಸಬೇಡಿ. ಪೈಗೆ ಅಡಾಪ್ಟರ್, ಮೆಮೊರಿ ಕಾರ್ಡ್, ಎಚ್‌ಡಿಎಂಐ ಕೇಬಲ್, ಫ್ಯಾನ್ ಬೇರೆ ಬೇರೆ ಕೊಳ್ಳಬೇಕು. ಪೈ 5ರಲ್ಲಿ ಹೆಡ್‌ಫೋನ್ ಜ್ಯಾಕ್ ಕೂಡ ಇಲ್ಲ, ಸ್ಪೀಕರ್‌ಗೆ ಬೇರೆ ದಾರಿ ಮಾಡಬೇಕು. ಮಿನಿ ಪಿಸಿಯಲ್ಲಿ ಇವುಗಳಲ್ಲಿ ಹೆಚ್ಚಿನವು ಸೇರಿಯೇ ಬರುತ್ತವೆ. ಆದರೆ ಗಾತ್ರ ದೊಡ್ಡದು: ಪೈ ಬೋರ್ಡ್ ಎಟಿಎಂ ಕಾರ್ಡ್‌ನಷ್ಟಿದ್ದರೆ, ಮಿನಿ ಪಿಸಿ ಸುಮಾರು 18 ಸೆಂ.ಮೀ. ಚೌಕದ ಡಬ್ಬಿ. ಪೆಟ್ಟಿಗೆಯ ಅಳತೆ ಹಾಕುವ ಮುನ್ನವೇ ಇದನ್ನು ನಿರ್ಧರಿಸಿ.

ಹಳೆಯ ಫೋನ್ ಹಾಕಬಹುದೇ?

ಫೋನ್‌ನ ಚಿಪ್‌ಗೆ ಶಕ್ತಿ ಇದೆ ಎನ್ನುವುದು ನಿಜ. ಆದರೆ ಎಲ್ಲ ಫೋನ್‌ಗಳಿಂದಲೂ ಕೇಬಲ್ ಮೂಲಕ ಮಾನಿಟರ್‌ಗೆ ಚಿತ್ರ ಬರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬ್ಯಾಟರಿ. ಹಳೆಯ ಲಿಥಿಯಂ ಬ್ಯಾಟರಿಯನ್ನು ಗಾಳಿಯಾಡದ ಮರದ ಪೆಟ್ಟಿಗೆಯಲ್ಲಿ ಸದಾ ಚಾರ್ಜ್‌ಗೆ ಹಾಕಿಟ್ಟರೆ ಅದು ಬಿಸಿಯಾಗಿ ಉಬ್ಬಬಹುದು, ಬೆಂಕಿಯೂ ಹತ್ತಬಹುದು. ಮಕ್ಕಳು ಆಡುವ ವಸ್ತುವಿನೊಳಗೆ ಇದು ಬೇಡ.

ಬಿಸಿ, ಕರೆಂಟು, ವೈರಿಂಗ್

ಬಿಸಿ ಪೈಗೂ ಆಗುತ್ತದೆ. ಚಿಪ್‌ನ ಬಿಸಿ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಆಗ ಆಟ ತಡವರಿಸುತ್ತದೆ. ಬೋರ್ಡ್ ಕೆಟ್ಟಿತು ಎಂದುಕೊಳ್ಳುವ ಮುನ್ನ ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಯಾಡಲು ತೂತುಗಳಿವೆಯೇ ನೋಡಿ. ಪೈ 4 ಮತ್ತು 5ಕ್ಕೆ ಫ್ಯಾನ್ ಹಾಕುವುದೇ ಲೇಸು.

ಫೋನ್ ಚಾರ್ಜರ್ ಸಾಕು ಎನ್ನುವುದೂ ಅರ್ಧಸತ್ಯ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ಪೈ 5ಕ್ಕೆ 5 ವೋಲ್ಟ್‌ನಲ್ಲೇ 5 ಆಂಪಿಯರ್ ಕೊಡುವ ಅಡಾಪ್ಟರ್ ಸೂಕ್ತ. ಅನೇಕ ಫಾಸ್ಟ್ ಚಾರ್ಜರ್‌ಗಳು ಹೆಚ್ಚು ವ್ಯಾಟ್ ಕೊಡುವುದು ವೋಲ್ಟ್ ಏರಿಸಿ, 5 ವೋಲ್ಟ್‌ನಲ್ಲಿ ಅಲ್ಲ. ಪರದೆಯಲ್ಲಿ ಮಿಂಚಿನ ಗುರುತು ಕಂಡರೆ ವೋಲ್ಟೇಜ್ ಕಡಿಮೆಯಾಗಿದೆ ಎಂದರ್ಥ.

ಆಡುತ್ತಿರುವಾಗ ಕರೆಂಟು ಹೋದರೆ ಮೆಮೊರಿ ಕಾರ್ಡ್‌ನಲ್ಲಿರುವ ಫೈಲ್‌ಗಳು ಕೆಡಬಹುದು. ಕಾರ್ಡ್‌ನ ಪ್ರತಿ ಒಂದನ್ನು ಇಟ್ಟುಕೊಳ್ಳಿ. ಆಟ ಮುಗಿದ ಮೇಲೆ ನೇರವಾಗಿ ಸ್ವಿಚ್ ಆರಿಸದೆ, ಮೆನುವಿನಿಂದ ಶಟ್‌ಡೌನ್ ಮಾಡಿ.

ಬಟನ್‌ಗಳನ್ನು ಪೈನ ಪಿನ್‌ಗಳಿಗೇ ಜೋಡಿಸಬಹುದು. ಆದರೆ ಆ ಪಿನ್‌ಗಳು ತಾಳುವುದು 3.3 ವೋಲ್ಟ್ ಮಾತ್ರ. ದೀಪವಿರುವ ಬಟನ್‌ನ 5 ವೋಲ್ಟ್ ತಂತಿ ತಪ್ಪಿ ತಗುಲಿದರೆ ಬೋರ್ಡ್ ಸುಟ್ಟುಹೋಗಬಹುದು. ಮೊದಲ ಸಲ ಮಾಡುವವರಿಗೆ ಯುಎಸ್‌ಬಿ ಎನ್‌ಕೋಡರ್ ಸುರಕ್ಷಿತ. ಮುಂದೆ ಕಂಪ್ಯೂಟರ್ ಬದಲಿಸಿದರೂ ಅದೇ ಕೆಲಸಕ್ಕೆ ಬರುತ್ತದೆ.

‘ಹತ್ತು ಸಾವಿರ ಆಟ’ಗಳ ಕಾರ್ಡ್?

ಆ ಸಂಖ್ಯೆಗೆ ಮರುಳಾಗಬೇಡಿ. ಇಂಥ ಪಟ್ಟಿಗಳಲ್ಲಿ ಒಂದೇ ಆಟದ ಜಪಾನ್, ಅಮೆರಿಕ, ಯುರೋಪ್ ಆವೃತ್ತಿಗಳು ಬೇರೆ ಬೇರೆ ಆಟಗಳಾಗಿ ಎಣಿಕೆಯಾಗಿರುತ್ತವೆ. ಕೆಲವು ತೆರೆದುಕೊಳ್ಳುವುದೇ ಇಲ್ಲ. ‘ಹಳೆಯ ಆಟಗಳಿಗೆ ಹಕ್ಕುಸ್ವಾಮ್ಯ ಇಲ್ಲ’ ಎನ್ನುವುದೂ ತಪ್ಪು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ಕಂಪ್ಯೂಟರ್ ಪ್ರೋಗ್ರಾಂಗಳಿಗೂ ರಕ್ಷಣೆ ಇದೆ, 1980ರ ಆಟದ ಅವಧಿ ಇನ್ನೂ ಮುಗಿದಿಲ್ಲ. ಎಮ್ಯುಲೇಟರ್ ಬಳಸುವುದು ಬೇರೆ, ಆಟದ ಪ್ರತಿ ಮಾಡಿ ಮಾರುವುದು ಬೇರೆ. 1997ರಿಂದ ಬೆಳೆದುಬಂದ ಮೇಮ್ ಎಮ್ಯುಲೇಟರ್‌ನ ತಂಡವೇ ಗ್ರಿಡ್‌ಲೀ, ರಾಬಿ ರೊಟೊ ಮುಂತಾದ ಕೆಲವು ಆಟಗಳನ್ನು ಮಾಲೀಕರ ಅನುಮತಿಯೊಂದಿಗೆ, ವ್ಯಾಪಾರೇತರ ಬಳಕೆಗೆ ಉಚಿತವಾಗಿ ಕೊಡುತ್ತದೆ. ಅಲ್ಲಿಂದ ಶುರು ಮಾಡಬಹುದು.

ಕೊನೆಯದಾಗಿ

ನಿಮಗೆ ನಿಜವಾಗಿ ಆಡಬೇಕೆನಿಸುವ ಹತ್ತು ಆಟಗಳನ್ನು ಕಾಗದದಲ್ಲಿ ಬರೆಯಿರಿ. ಅವುಗಳಲ್ಲಿ ಅತಿ ಭಾರದ ಆಟ ಯಾವುದೋ, ಅದನ್ನು ಓಡಿಸಬಲ್ಲ ಅತಿ ಅಗ್ಗದ ಕಂಪ್ಯೂಟರ್ ನಿಮ್ಮದು. ಉಳಿದ ದುಡ್ಡನ್ನು ಒಳ್ಳೆಯ ಜಾಯ್‌ಸ್ಟಿಕ್, ಬಟನ್‌ಗಳಿಗೆ ಹಾಕಿ. ಆಡುವಾಗ ಕೈಗೆ ಸಿಗುವುದು ಅವೇ. ಬೋರ್ಡ್ ಕೊಳ್ಳಲು ಹೊರಟಿರುವ ಗೆಳೆಯರಿದ್ದರೆ ಅವರಿಗೂ ಇದನ್ನು ಕಳಿಸಿ.