ನೇತ್ರಾಣಿಯ ಪಟ್ಟೆಮೀನು

ನಾರಾಯಣಪುರದ ಬಸವಸಾಗರದಿಂದ ಶಹಾಪುರ ಸೀಮೆಯ ಕಾಲುವೆಗಳಿಗೆ ನೀರು ಹರಿಯುವ ದಿನಗಳಲ್ಲಿ, ದಂಡೆಯ ಮೇಲೆ ಕುಳಿತು ಸಣ್ಣ ಮೀನುಗಳ ಹಿಂಡನ್ನು ನೋಡದ ಮಕ್ಕಳು ನಮ್ಮ ಕಡೆ ವಿರಳ. ಒಂದು ಹರಳು ಬಿದ್ದರೆ ಸಾಕು, ಇಡೀ ಹಿಂಡು ಒಂದೇ ಜೀವವೆಂಬಂತೆ ಮಗ್ಗುಲು ಹೊರಳಿ ಮಾಯವಾಗುತ್ತದೆ. ದೋರನಹಳ್ಳಿಯ ನಮ್ಮ ಓಣಿಯ ಹುಡುಗನೊಬ್ಬ ‘ಗಂಧದ ಗುಡಿ’ ಚಿತ್ರವನ್ನು ನೋಡಿ ಬಂದು, “ಕಾಕಾ, ಕಡಲಾಗಿನ ಮೀನೂ ನಮ್ಮ ಕಾಲುವಿ ಮೀನಿನಂಗ ಗುಂಪುಗೂಡೇ ಇರ್ತಾವೇನು?” ಎಂದು ಕೇಳಿದ. 2022ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅವರು ನೇತ್ರಾಣಿ ದ್ವೀಪದ ಬಳಿ ಕಡಲಿಗಿಳಿಯುವುದು ಅನೇಕ ವಾಚಕರಿಗೆ ನೆನಪಿರಬಹುದು. ಆ ಹುಡುಗನಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಈ ತಿಂಗಳ ಅಂಕಣವಾಗಿಸಿದ್ದೇನೆ. ಮೀನೆಂಬುದು ನಮ್ಮ ಮನೆಗಳಲ್ಲಿ ಅಡುಗೆಯ ವಿಷಯವಲ್ಲ. ಆದ್ದರಿಂದಲೋ ಏನೋ, ಅದು ಕಣ್ಣಿನ ವಿಷಯವೂ ಆಗದೆ ಉಳಿದಿದೆ. ಇದು ನಮಗಾದ ನಷ್ಟವೆಂದೇ ನನ್ನ ಭಾವನೆ.

ನೇತ್ರಾಣಿಯು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ಎದ್ದು ನಿಂತ ಬಂಡೆಗಳ ದ್ವೀಪ. ಶಹಾಪುರದ ದಾರಿಯಲ್ಲಿ ನಿಂತವರಿಗೆ ಬೆಟ್ಟದ ಸಾಲು ಮಲಗಿದ ಬುದ್ಧನಂತೆ ಕಾಣುವ ಹಾಗೆ, ಆಕಾಶದಿಂದ ನೋಡಿದವರಿಗೆ ಈ ದ್ವೀಪವು ಹೃದಯದ ಆಕಾರದಲ್ಲಿ ಕಾಣುತ್ತದೆ. ನಮ್ಮ ಕರಾವಳಿಯ ನದಿಗಳು ಮಳೆಗಾಲದಲ್ಲಿ ಅಪಾರ ಕೆಸರನ್ನು ಸಮುದ್ರಕ್ಕೆ ತಂದು ಸುರಿಯುತ್ತವೆ. ಹವಳವಾದರೋ ತಿಳಿನೀರನ್ನೂ ಬೆಳಕನ್ನೂ ಬೇಡುವ ಜೀವಿ. ಆದಕಾರಣ ಲಕ್ಷದ್ವೀಪದಲ್ಲಿರುವಂತಹ ವಿಶಾಲ ಹವಳದ ದಿಬ್ಬಗಳು ಕರ್ನಾಟಕದ ದಡದಲ್ಲಿಲ್ಲ. ದಡದಿಂದ ದೂರವಿರುವ ನೇತ್ರಾಣಿಯಂತಹ ದ್ವೀಪದ ಬಂಡೆಗಳಿಗೆ ಅಂಟಿಕೊಂಡು ಅಷ್ಟಿಷ್ಟು ಹವಳ ಬದುಕಿದೆ. ಆ ಬಂಡೆಗಳ ನೆತ್ತಿಯ ಸುತ್ತಲೇ ನಮ್ಮ ಪಟ್ಟೆಮೀನಿನ ಸಂಸಾರ.

ಇಂಗ್ಲಿಷಿನಲ್ಲಿ ಇದಕ್ಕೆ ‘ಸಾರ್ಜೆಂಟ್ ಮೇಜರ್’ ಎಂದು ಹೆಸರು. ಸೈನಿಕರ ತೋಳಿನ ಮೇಲೆ ದರ್ಜೆಯನ್ನು ಸೂಚಿಸುವ ಪಟ್ಟಿಗಳಿರುತ್ತವಲ್ಲ, ಅವುಗಳನ್ನು ಕಂಡು ಇಟ್ಟ ಹೆಸರದು. ಅಂಗೈಯಗಲದ, ಚಪ್ಪಟೆಯಾದ ಮೈ; ಬಹಳ ಬೆಳೆದರೆ 20 ಸೆಂ.ಮೀ. ಉದ್ದ. ನಸುನೀಲಿ ಛಾಯೆಯ ಬೆಳ್ಳಿಬಣ್ಣದ ಮೈಮೇಲೆ ಬೆನ್ನಿನಿಂದ ಕೆಳಕ್ಕೆ ಇಳಿಬಿಟ್ಟ ಐದು ಕಪ್ಪು ಪಟ್ಟೆಗಳು. ಅವು ಹೊಟ್ಟೆಯ ಕಡೆಗೆ ಬರುಬರುತ್ತ ತೆಳುವಾಗಿ ಕರಗುತ್ತವೆ. ಬೆನ್ನಿನ ಮೇಲ್ಭಾಗದಲ್ಲಿ ಅರಿಸಿನ ಸವರಿದಂತಹ ಹಳದಿ. ಇದರ ದಾಯಾದಿಗಳೂ ಪಟ್ಟೆಗಳನ್ನೇ ಹೊತ್ತು ತಿರುಗುವುದರಿಂದ ಮೊದಲ ನೋಟಕ್ಕೆ ಮೋಸಹೋಗುವುದುಂಟು. ಬಾಲದ ಎರಡೂ ಕವಲುಗಳಲ್ಲಿ ಕತ್ತರಿಯ ಅಲಗಿನಂತೆ ಕಪ್ಪು ಗೆರೆಯಿದ್ದರೆ ಅದು ಬೇರೆಯ ಮೀನು.

ಇದರ ಶಾಸ್ತ್ರೀಯ ನಾಮ ‘ಅಬುಡೆಫ್‌ಡಫ್ ವೈಜಿಯೆನ್ಸಿಸ್’. ಮೊದಲ ಪದವು ಅರಬ್ಬೀ ಮೂಲದ್ದು. ಡೆನ್ಮಾರ್ಕಿನ ರಾಜನ ಆಶ್ರಯದಲ್ಲಿ ಅರೇಬಿಯಾಕ್ಕೆ ತೆರಳಿದ ಪಂಡಿತರ ತಂಡದಲ್ಲಿದ್ದ ಫೋರ್ಸ್‌ಕಾಲ್ ಎಂಬ ತರುಣ ವಿಜ್ಞಾನಿ 1763ರಲ್ಲಿ ಯೆಮನ್ನಿನಲ್ಲಿ ಜ್ವರದಿಂದ ತೀರಿಕೊಂಡ. ಅವನ ಟಿಪ್ಪಣಿಗಳನ್ನು ತಂಡದಲ್ಲಿ ಬದುಕುಳಿದ ಗೆಳೆಯ ನೀಬೂರ್ 1775ರಲ್ಲಿ ಅಚ್ಚು ಹಾಕಿಸಿದ. ಆ ಹೆಸರು ಲೋಕಕ್ಕೆ ತಿಳಿದದ್ದು ಹಾಗೆ. ಎರಡನೆಯ ಪದವು ನ್ಯೂಗಿನಿಯ ಬಳಿಯ ವೈಗಿಯೋ ದ್ವೀಪವನ್ನು ನೆನಪಿಸುತ್ತದೆ. ಕೆಂಪು ಸಮುದ್ರದಿಂದ ಶಾಂತಸಾಗರದವರೆಗೆ ಹಬ್ಬಿರುವ ಮೀನಿಗೆ ಎರಡು ದಿಕ್ಕಿನ ಹೆಸರು ಒಪ್ಪುವಂಥದ್ದೇ.

ಇನ್ನು ಹುಡುಗನ ಪ್ರಶ್ನೆ. ಹೌದು, ಇವು ಹಿಂಡುಗೂಡಿಯೇ ಇರುತ್ತವೆ. ನೀರಿನ ಮೇಲ್ಮೈಯಿಂದ ಹೆಚ್ಚೆಂದರೆ 15 ಮೀಟರ್ ಆಳದೊಳಗೆ, ಬಂಡೆಯ ಅಂಚಿನಲ್ಲಿ ತೇಲುತ್ತ, ಪ್ರವಾಹವು ಹೊತ್ತು ತರುವ ಸೂಕ್ಷ್ಮ ಜೀವಿಗಳನ್ನು ಹೆಕ್ಕಿ ತಿನ್ನುತ್ತವೆ. ಬಂಡೆಯ ಪಾಚಿಯನ್ನೂ ಬಿಡುವುದಿಲ್ಲ. ನೂರು ಕಣ್ಣುಗಳಲ್ಲಿ ಒಂದಾದರೂ ಶತ್ರುವನ್ನು ಮೊದಲೇ ಕಾಣುತ್ತದೆ. ಶತ್ರುವಿಗಾದರೋ ನೂರು ಪಟ್ಟೆಮೈಗಳ ನಡುವೆ ಒಂದನ್ನು ಗುರಿಯಿಡುವುದು ದುಸ್ತರ. ಮೀನಿನ ಪಕ್ಕೆಯ ಮೇಲೆ ನೀರಿನ ಕದಲಿಕೆಯನ್ನು ಗ್ರಹಿಸುವ ಸೂಕ್ಷ್ಮ ಅಂಗಗಳ ಸಾಲೊಂದಿದೆ. ನೆರೆಯ ಮೀನು ಹೊರಳಿದ್ದು ಕಣ್ಣಿಗಷ್ಟೇ ಅಲ್ಲ, ಮೈಗೂ ತಿಳಿಯುತ್ತದೆ. ಕಾಲುವೆಯ ಮೀನಿಗೂ ಕಡಲಿನ ಮೀನಿಗೂ ಈ ವಿದ್ಯೆ ಒಂದೇ.

ಆದರೆ ಮೊಟ್ಟೆಯಿಡುವ ಕಾಲ ಬಂದಾಗ ಗಂಡುಮೀನು ಹಿಂಡನ್ನು ತೊರೆಯುತ್ತದೆ. ಬಂಡೆಯ ಒಂದು ಭಾಗವನ್ನು ಆರಿಸಿ ಬಾಯಿಂದ ಕೆರೆದು ಶುಚಿಗೊಳಿಸುತ್ತದೆ. ಆಗ ಅದರ ಮೈಬಣ್ಣ ನೀಲಿಗೆ ತಿರುಗುತ್ತದೆ. ಹೆಣ್ಣು ಬಂದು ಕೆನ್ನೇರಳೆ ಬಣ್ಣದ ಸಾವಿರಾರು ಮೊಟ್ಟೆಗಳನ್ನು ಕಲ್ಲಿಗೆ ಅಂಟಿಸಿ ಹೊರಟುಹೋಗುತ್ತದೆ. “ಮತ್ತ ಅವ್ವ ಎಲ್ಲಿ ಹೋಗ್ತಾಳ?” ಎಂದು ಹುಡುಗ ಆತಂಕದಿಂದ ಕೇಳಿದ. ಅವ್ವ ಹಿಂಡಿಗೆ ಮರಳುತ್ತಾಳೆ; ಮರಿ ಹೊರಬರುವವರೆಗೂ ಕಾವಲು ಅಪ್ಪನದೇ. ರೆಕ್ಕೆಯಿಂದ ಬೀಸಿ ಮೊಟ್ಟೆಗಳಿಗೆ ಹೊಸ ನೀರನ್ನು ಹಾಯಿಸುತ್ತದೆ, ಕೆಟ್ಟವುಗಳನ್ನು ಆಯ್ದು ತೆಗೆಯುತ್ತದೆ, ತನಗಿಂತ ದೊಡ್ಡ ಮೀನಿನ ಮೇಲೂ ಏರಿ ಹೋಗುತ್ತದೆ. ಹೊರಬಂದ ಮರಿಗಳು ಕಣ್ಣಿಗೆ ಕಾಣಿಸದಷ್ಟು ಸಣ್ಣವು. ನೀರಿನೊಡನೆ ತೇಲಿಹೋಗಿ, ತುಸು ಬೆಳೆದ ಮೇಲೆ ತೇಲುವ ಪಾಚಿಯ ಅಥವಾ ಕಸಕಡ್ಡಿಯ ನೆರಳಿನಲ್ಲಿ ಕಾಲ ಕಳೆದು, ಕಡೆಗೆ ಯಾವುದೋ ಬಂಡೆಯನ್ನು ಸೇರುತ್ತವೆ.

ಇಲ್ಲಿಯೇ ಮನುಷ್ಯನ ಪ್ರವೇಶವಾಗುತ್ತದೆ. ಕಡಲಿಗಿಳಿದವರು ಕುತೂಹಲದಿಂದ ಆ ಗೂಡಿನ ಹತ್ತಿರ ಹೋದರೆ ಕಾವಲಿನ ಮೀನು ಕೆಲಕ್ಷಣ ದೂರ ಸರಿಯುತ್ತದೆ. ಹೊಂಚು ಹಾಕಿ ಕುಳಿತ ಬೇರೆ ಮೀನುಗಳಿಗೆ ಅಷ್ಟೇ ಸಾಕು. ಗುಂಪಾಗಿ ಮುತ್ತಿ ಮೊಟ್ಟೆಗಳನ್ನು ಕಬಳಿಸುತ್ತವೆ. ನೋಡಿದವರಿಗೆ ತಾವು ಏನನ್ನೂ ಮುಟ್ಟಲಿಲ್ಲವೆಂಬ ಸಮಾಧಾನ! ಜಗತ್ತಿನ ಅನೇಕ ಪ್ರವಾಸಿ ತಾಣಗಳಲ್ಲಿ ಬ್ರೆಡ್ಡಿನ ಚೂರು ಎಸೆದು ಈ ಮೀನುಗಳನ್ನು ಸುತ್ತ ಸೇರಿಸುವ ರೂಢಿಯೂ ಇದೆ. ದೋಣಿಯ ಲಂಗರು ಬಿದ್ದಲ್ಲಿ ಹವಳ ಮುರಿಯುತ್ತದೆ. ಹಿಂದೆ ನಮ್ಮ ನೌಕಾಪಡೆಯು ಇದೇ ದ್ವೀಪವನ್ನು ಗುಂಡಿನ ಗುರಿಯಾಗಿ ಬಳಸಿದ್ದೂ, ಪರಿಸರಪ್ರೇಮಿಗಳು ಅದನ್ನು ಆಕ್ಷೇಪಿಸಿದ್ದೂ ಉಂಟು. ದೇಶರಕ್ಷಣೆಯ ಅಗತ್ಯವನ್ನು ಅಲ್ಲಗಳೆಯಲಾರೆ. ಆದರೆ ಗುರಿಗೆ ಬಂಜರು ಬಂಡೆಗಳಿಲ್ಲವೇ ಎಂಬ ಪ್ರಶ್ನೆ ನನ್ನದು.

ಎಲ್ಲಕ್ಕೂ ಮಿಗಿಲಾದದ್ದು ಬಿಸಿಲು. ಅದರ ಮಾತು ಯಾದಗಿರಿಯವರಿಗೆ ಹೇಳಿಕೊಡಬೇಕಿಲ್ಲ. ಹವಳದ ಹುಳುವಿನ ಮೈಯೊಳಗೆ ಅದಕ್ಕೆ ಅನ್ನ ಒದಗಿಸುವ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಕಡಲ ನೀರು ವಾಡಿಕೆಯ ಬೇಸಿಗೆಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ವಾರಗಟ್ಟಲೆ ಹಾಗೆಯೇ ಉಳಿದರೆ ಹವಳವು ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ತಂಪು ಮರಳದಿದ್ದರೆ ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಹಿಂದೂ ಮಹಾಸಾಗರದ ಹವಳಗಳು ಹೀಗೆ ಬಿಳಿಚಿದವು. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ಸಾರಿದರು. ಪಟ್ಟೆಮೀನು ಬರಿಯ ಬಂಡೆಯ ಮೇಲೂ ಬಾಳಬಲ್ಲ ಗಟ್ಟಿಜೀವ. ಅದರ ನೆರೆಯಲ್ಲಿ ಹವಳವನ್ನೇ ತಿಂದು ಬದುಕುವ ಚಿಟ್ಟೆಮೀನುಗಳಿಗೆ ಆ ಆಸರೆಯಿಲ್ಲ.

ಹವಳವೆಂದೊಡನೆ ನಮ್ಮ ತಾಯಂದಿರಿಗೆ ಕರಿಮಣಿಯ ನಡುವೆ ಪೋಣಿಸುವ ಕೆಂಪು ಹವಳ ನೆನಪಾಗುವುದು ಸಹಜ. ಅದು ಬೇರೆಯದೇ ಜಾತಿ. ಮೆಡಿಟರೇನಿಯನ್ ಸಮುದ್ರದಿಂದ ರೋಮನರ ಕಾಲದಲ್ಲಿಯೇ ಭಾರತಕ್ಕೆ ಬರುತ್ತಿದ್ದ ಸರಕು. ನೇತ್ರಾಣಿಯ ಬಂಡೆಗಳ ಮೇಲಿನ ಗಟ್ಟಿ ಹವಳಕ್ಕೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆಯಿದೆ. ದಡದಲ್ಲಿ ಸಿಕ್ಕಿತೆಂದು ಸತ್ತ ತುಣುಕನ್ನು ಚೀಲಕ್ಕೆ ಹಾಕಿಕೊಂಡು ಬರುವುದೂ ಅಪರಾಧವೇ. ಮುರುಡೇಶ್ವರಕ್ಕೆ ಹೋಗುವ ಕುಟುಂಬಗಳು ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿರಲಿ.

ನಮ್ಮ ಊರಿನಿಂದ ಮುರುಡೇಶ್ವರ ನಾನೂರು ಕಿ.ಮೀ.ಗೂ ಆಚೆ. ಮಳೆಗಾಲದಲ್ಲಿ ಕಡಲು ಒರಟಾಗಿರುವುದರಿಂದ ನೇತ್ರಾಣಿಗೆ ದೋಣಿಗಳು ಹೋಗುವುದಿಲ್ಲ. ಅಕ್ಟೋಬರ್ ಕಳೆದ ಮೇಲೆ ನೀರು ತಿಳಿಯಾಗುತ್ತದೆ. ದೀಪಾವಳಿಯ ರಜೆಗೆ ಕರೆದುಕೊಂಡು ಹೋಗುವೆಯಾ ಎಂದು ಹುಡುಗ ಕೇಳುತ್ತಿದ್ದಾನೆ. ಈಜು ಕಲಿತು ಬಾ ಎಂದಿದ್ದೇನೆ.