ಉಸಿರಿಗೆ ಏಳು ದಿನದ ಗಡುವೇ?

ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗೆಂದು ಹೋದವರು ಬಹಳ ಮಂದಿ. ಬನಶಂಕರಿ, ಜೆ.ಪಿ. ನಗರಗಳಲ್ಲಿ ಮನೆ ಕಟ್ಟುವವರು ಅವರು, ಬಿ.ಟಿ.ಎಂ. ಬಡಾವಣೆಯಲ್ಲಿ ಊಟದ ಪೊಟ್ಟಣ ಹೊತ್ತು ಬೈಕು ಓಡಿಸುವವರೂ ಅವರೇ. ಇವರಲ್ಲೊಬ್ಬನಿಗೆ ಲಾರಿ ಬಡಿದು ಎದೆಗೂಡು ಮುರಿದರೆ ಜಯನಗರದ ಬೈರಸಂದ್ರದ ಸರ್ಕಾರಿ ಸಂಜಯ್ ಗಾಂಧಿ ಆಸ್ಪತ್ರೆಗೆ ಒಯ್ಯುತ್ತಾರೆ, ಇಲ್ಲವೇ ಹತ್ತಿರ ಕಂಡ ಖಾಸಗಿ ಆಸ್ಪತ್ರೆಗೆ. ಉಸಿರು ಸಾಲದಾದರೆ ವೆಂಟಿಲೇಟರ್ ಹಾಕುತ್ತಾರೆ. ಊರಿನಿಂದ ಓಡಿಬಂದ ಮನೆಯವರದು ಒಂದೇ ಪ್ರಶ್ನೆ: ‘ಎಷ್ಟು ದಿನ, ಸ್ವಾಮಿ?’

‘ಈಗಲೇ ಹೇಳಲಾಗದು’ ಎಂಬ ಉತ್ತರ ಅರ್ಧ ಸತ್ಯ. ಇಂಥ ದಿನವೇ ಯಂತ್ರ ತೆಗೆಯುತ್ತೇವೆಂದು ಯಾರೂ ಹೇಳಲಾರರು, ಒಪ್ಪಿದೆವು. ಆದರೆ ವಾರ ದಾಟುವ ಸಂಭವ ಯಾರಿಗೆ ಹೆಚ್ಚು ಎಂಬ ಅಂದಾಜನ್ನು ಮೊದಲ ಒಂದೆರಡು ದಿನಗಳಲ್ಲೇ ಮಾಡಬಹುದು. ಪಕ್ಕೆಲುಬು ಎಷ್ಟು ಮುರಿದಿವೆ, ಒಂದು ಕಡೆಯೋ ಎರಡೂ ಕಡೆಯೋ, ಶ್ವಾಸಕೋಶ ಎಷ್ಟು ಜಜ್ಜಿದೆ, ಅದರ ಸುತ್ತ ರಕ್ತವೋ ಗಾಳಿಯೋ ತುಂಬಿದೆಯೇ, ಕೊಟ್ಟ ಆಮ್ಲಜನಕದಲ್ಲಿ ರಕ್ತಕ್ಕೆ ಸೇರಿದ್ದೆಷ್ಟು, ವಯಸ್ಸೆಷ್ಟು? ಈ ಐದಕ್ಕೂ ಅಂಕ ಕೊಟ್ಟು 25ರ ಒಳಗೆ ಕೂಡುವ ಲೆಕ್ಕವನ್ನು ಜರ್ಮನಿಯ ವೈದ್ಯರು 2000ದಲ್ಲೇ ಪ್ರಕಟಿಸಿದರು. ಶಾಲೆಯ ಮಕ್ಕಳೂ ಕೂಡಬಲ್ಲ ಲೆಕ್ಕ! ತಲೆಗೂ ಪೆಟ್ಟು ಬಿದ್ದಿದ್ದರೆ ದಿನಗಳು ಇನ್ನೂ ಬೆಳೆಯುತ್ತವೆ. ಸಾಲಾಗಿ ಮೂರು ಪಕ್ಕೆಲುಬುಗಳು ಎರಡೆರಡು ಕಡೆ ಮುರಿದರೆ ಆ ತುಂಡು, ಉಸಿರು ಎಳೆದಾಗ ಉಬ್ಬುವ ಬದಲು ಒಳಕ್ಕೆ ಕುಸಿಯುತ್ತದೆ. ಜಜ್ಜಿದ ಶ್ವಾಸಕೋಶ ಮೊದಲ ಎರಡು ದಿನಗಳಲ್ಲಿ ಇನ್ನೂ ಕೆಡುವುದರಿಂದ ಅಂಕವನ್ನು ಮತ್ತೆ ಹಾಕಬೇಕು.

ಈ ಅಂದಾಜಿನಿಂದ ಲಾಭವೇನು? ನೋವು ತಗ್ಗಿಸಿ ರೋಗಿಯನ್ನು ಕೆಮ್ಮಿಸುವುದು, ತಕ್ಕವರಿಗೆ ಪಕ್ಕೆಲುಬಿಗೆ ಪಟ್ಟಿ ಕೂರಿಸುವುದು, ಕತ್ತಿನಲ್ಲಿ ಕೊಳವೆ ಇಡುವ ಯೋಚನೆ, ಎಲ್ಲವನ್ನೂ ಸಕಾಲದಲ್ಲಿ ಮಾಡಬಹುದು. ಅದಕ್ಕಿಂತ ಮುಖ್ಯ, ದುಡ್ಡಿನ ಮಾತು.

ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ಹೊರಡಿಸಿತು. ಮಿತಿ 1.5 ಲಕ್ಷ ರೂಪಾಯಿ, 7 ದಿನ. ಯಂತ್ರ ಮಾತ್ರ ಈ ಪಂಚಾಂಗ ನೋಡುವುದಿಲ್ಲ. ಎರಡನೆಯ ದಿನವೇ ಕಾಣುತ್ತಿದ್ದ ಸಂಗತಿ ಎಂಟನೆಯ ದಿನ ಬಿಲ್ಲಾಗಿ ಬಂದಾಗ ಮನೆಯವರು ಹಸು ಮಾರಬೇಕೆ, ರೋಗಿಯನ್ನು ಬಿಡಿಸಿಕೊಂಡು ಹೋಗಬೇಕೆ? ಸಾರುವೆಯಿಂದ ಬಿದ್ದ ಗಾರೆ ಕೆಲಸದವನಿಗಂತೂ ಈ ಯೋಜನೆಯೇ ಇಲ್ಲ; ಅದು ಮೋಟಾರು ವಾಹನದ ಅಪಘಾತಕ್ಕೆ ಮಾತ್ರ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ, ಸರಿ. ಕಾರ್ಡು ಮಾತ್ರ ಊರಿನ ಟ್ರಂಕಿನಲ್ಲಿ!

ಅಂಕ ಹೆಚ್ಚಿದೆ ಎಂದ ಕೂಡಲೇ ಬಾಗಿಲು ಹಾಕುವವರೂ ಇದ್ದಾರು. ಅದಕ್ಕೆ ಈ ಲೆಕ್ಕವನ್ನು ಬಳಸಕೂಡದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಗಾಯಾಳುವಿನ ಜೀವ ಉಳಿಸುವುದು ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಹೇಳಿದೆ.

ನಾವು ಕೇಳುವುದು ಇಷ್ಟು: ಯಂತ್ರ ವಾರ ದಾಟೀತೆಂದು ಕಂಡ ದಿನವೇ ಆಸ್ಪತ್ರೆ ಅದನ್ನು ಮನೆಯವರಿಗೆ ಕನ್ನಡದಲ್ಲಿ ಬರೆದುಕೊಡಲಿ. ಅದೇ ಚೀಟಿಯ ಮೇಲೆ ಸರ್ಕಾರ ಏಳು ದಿನದ ಗಡುವನ್ನು ಸಡಿಲಿಸಲಿ, ಇಲ್ಲವೇ ಎಂಟನೆಯ ದಿನಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಇರುವ ಹಾಸಿಗೆಯನ್ನು ಮುಂಚಿತವಾಗಿ ಗೊತ್ತುಮಾಡಲಿ.